ಹದಿನೈದು ಬಾಗಿಲಿನ ಲೋಕೋ ಶೆಡ್

ಈಶಾನ್ಯ ಚೀನಾದ ಹಾರ್ಬಿನ್‌ನಲ್ಲಿ ಆಫೀಸ್ ಕೆಲಸದ ಮೇಲಿದ್ದಾಗ ಒಂದು ಭಾನುವಾರ ಹೆಂಗ್‌ದಾವ್‌ಹೆಜಿಗೆ ಹೋಗಬೇಕು ಅಂದೆ. ಜೊತೆಯಲ್ಲಿ ಕೆಲಸ ಮಾಡುವ ಹುಡುಗ ಕೂಡಲೇ ಕೇಳಿದ: "ಹುಲಿ ನೋಡೋಕಾ?" ಆ ಊರಲ್ಲಿ ಸೈಬೀರಿಯನ್ ಹುಲಿಗಳನ್ನು ಸಾಕುವ ದೊಡ್ಡ ಕೇಂದ್ರವಿದೆ, 1986ರಲ್ಲಿ ಶುರುವಾದದ್ದು. ಅಲ್ಲಿಗೆ ಹೋಗುವವರಲ್ಲಿ ಬಹಳ ಜನ ಹುಲಿಗೇ ಹೋಗುವವರು. ನನಗೆ ಬೇಕಿದ್ದದ್ದು ರೈಲು ಇಂಜಿನ್ ನಿಲ್ಲಿಸಿ ರಿಪೇರಿ ಮಾಡುತ್ತಿದ್ದ ಹಳೇ ಲೋಕೋ ಶೆಡ್. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದ ನನಗೆ ಹಳೇ ಶೆಡ್ ಇದೆ ಅಂದರೆ ಸಾಕು, ಊಟ ಬಿಟ್ಟಾದರೂ ಹೋಗಿ ನೋಡುವ ಚಟ. ಅವನಿಗೆ ಇದು ಅರ್ಥವಾಗಲಿಲ್ಲ. ಆದರೂ ಪಾಪ, ಜೊತೆಗೆ ಬಂದ.

ಹಾರ್ಬಿನ್‌ನಿಂದ ಮುದಾನ್‌ಜಿಯಾಂಗ್‌ಗೆ 2018ರ ಡಿಸೆಂಬರ್‌ನಲ್ಲಿ ಹೈಸ್ಪೀಡ್ ರೈಲು ಬಂದಿದೆ. ದಾರಿಯಲ್ಲಿ ಸಿಗುವ ಹೆಂಗ್‌ದಾವ್‌ಹೆಜಿಯಲ್ಲಿ ಅದಕ್ಕೆ ಬೇರೆಯದೇ ಹೊಸ ಸ್ಟೇಷನ್. ಬೆಟ್ಟಗಳು ಬಂದವೋ ಇಲ್ಲವೋ, ಸುರಂಗದೊಳಗೆ ನುಗ್ಗಿ ದಾಟಿಬಿಡುತ್ತದೆ. ಕಿಟಕಿ ಪಕ್ಕ ಕೂತದ್ದು ದಂಡ.

ಹಳೇ ಹಳಿಗೆ ಈ ಬೆಟ್ಟವೇ ಸಮಸ್ಯೆಯಾಗಿತ್ತು, ಊರು ಹುಟ್ಟಿದ್ದೂ ಅದರಿಂದಲೇ. 1896ರಲ್ಲಿ ಚೀನಾದ ರಾಜಮನೆತನ ರಷ್ಯಾದ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡು, ಮಂಚೂರಿಯಾದ, ಅಂದರೆ ಈ ಈಶಾನ್ಯ ಭಾಗದ, ನಡುವೆ ಹಳಿ ಹಾಕಲು ಬಿಟ್ಟಿತು. ಸೈಬೀರಿಯಾದಿಂದ ವ್ಲಾಡಿವೋಸ್ಟಾಕ್‌ಗೆ ಹೋಗುವ ರಷ್ಯನ್ನರಿಗೆ ಅದು ಹತ್ತಿರದ ದಾರಿ. ಚೈನೀಸ್ ಈಸ್ಟರ್ನ್ ರೈಲ್ವೆ ಎಂಬ ಆ ಮಾರ್ಗ 1903ರ ಜುಲೈನಲ್ಲಿ ಪೂರ್ತಿ ಓಡತೊಡಗಿತು. ಆದರೆ ಇಲ್ಲಿ ಝಾಂಗ್‌ಗುವಾಂಗ್‌ತ್ಸಾಯ್ ಬೆಟ್ಟಸಾಲು ಅಡ್ಡ ಬರುತ್ತದೆ. ಭಾರದ ಗಾಡಿಯನ್ನು ಒಂದೇ ಉಗಿ ಇಂಜಿನ್ ಎಳೆದು ಮೇಲಕ್ಕೆ ಒಯ್ಯಲಾರದು. ನಮ್ಮಲ್ಲಿ ಗೋವಾದ ಕುಳೆಂನಲ್ಲಿ ಬ್ಯಾಂಕರ್, ಅಂದರೆ ಹಿಂದಿನಿಂದ ತಳ್ಳುವ ಇಂಜಿನ್, ಹಚ್ಚಿ ದೂಧಸಾಗರದ ಘಾಟಿಯಲ್ಲಿ ಕ್ಯಾಸಲ್‌ರಾಕ್‌ವರೆಗೆ ತಳ್ಳಿಸುತ್ತಾರಲ್ಲ, ಅದೇ ಕಥೆ. ಗಾಡಿ ನಿಲ್ಲಬೇಕು, ಇನ್ನೊಂದು ಇಂಜಿನ್ ಸೇರಬೇಕು. ಇಂಜಿನ್ನಿಗೆ ನೀರು, ಕಲ್ಲಿದ್ದಲು. ಡ್ರೈವರನಿಗೆ ಮನೆ, ಅವನ ಹೆಂಡತಿಗೆ ಪ್ರಾರ್ಥನೆಗೊಂದು ಇಗರ್ಜಿ. ಹೀಗೆ ಊರಾಯಿತು.

ಶೆಡ್ ಕಂಡಾಗ ನಿಜಕ್ಕೂ ಖುಷಿಯಾಯಿತು. ಬಿಚ್ಚಿದ ಬೀಸಣಿಗೆಯ ಆಕಾರ, ಸಾಲಾಗಿ ಹದಿನೈದು ಬಾಗಿಲು. ಒಂದೊಂದು ಬಾಗಿಲ ಮೇಲೂ ಅದರದೇ ಕಮಾನಿನ ಮಾಡು, ಹಾಗಾಗಿ ಮುಂದಿನಿಂದ ಮಾಡಿನ ಅಂಚು ಏರುತ್ತ ಇಳಿಯುತ್ತ ಹೋಗುತ್ತದೆ. ಅಂಗಳದ ಮಧ್ಯೆ ಒಂದು ಜಾಗ ಹುಡುಕಿ ನಿಂತರೆ ಎಲ್ಲ ಬಾಗಿಲೂ ನಿಮಗೇ ಮುಖ ಮಾಡಿರುತ್ತವೆ. ಅದು ಟರ್ನ್‌ಟೇಬಲ್‌ನ ಜಾಗ. ಇಂಜಿನ್ ಅದರ ಮೇಲೆ ಹತ್ತಿದರೆ, ತಿರುಗಿಸಿ ಯಾವ ಬಾಗಿಲು ಬೇಕೋ ಅದಕ್ಕೆ ಹೊಂದಿಸಿ ಒಳಗೆ ಕಳಿಸುತ್ತಿದ್ದರು. ಒಳಗೆ ಹೋದರೆ ಗೊತ್ತಾಗುವ ಸಂಗತಿ ಇನ್ನೊಂದು: ಬಾಗಿಲ ಹತ್ತಿರ ಕಿರಿದಾಗಿರುವ ಕೋಣೆ ಹಿಂದೆ ಹೋದಂತೆ ಅಗಲವಾಗುತ್ತದೆ. ಇಂಜಿನ್ನಿನ ಸುತ್ತ ಫಿಟ್ಟರ್‌ಗಳು ಓಡಾಡಿ ಕೆಲಸ ಮಾಡಲು ಜಾಗ ಸಿಗುವುದೇ ಅಲ್ಲಿ. ಅಂದಕ್ಕಾಗಿ ಬೀಸಣಿಗೆ ಮಾಡಿದ್ದಲ್ಲ. ಈಗ ಅದೆಲ್ಲ ಮ್ಯೂಸಿಯಂ. ಗಾಜಿನ ಪೆಟ್ಟಿಗೆಗಳಿಗಿಂತ ಕಟ್ಟಡವೇ ಚೆನ್ನ.

ಇಗರ್ಜಿಯೂ ಇದೆ, ಪೂರ್ತಿ ಮರದ್ದು. ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಅಲ್ಲಿ ಪಾಳಿ ಹಚ್ಚಿದ್ದವು. ಒಂದು ಸುತ್ತು ಹಾಕಿ ಬಂದೆವು.

ಕ್ವಾರ್ಟರ್ಸ್ ಕಡೆ ಹೋದರೆ ಬೇರೆಯೇ ಲೋಕ. ಹಳದಿ ಗೋಡೆ, ಮೂಲೆಗೂ ಕಿಟಕಿಯ ಸುತ್ತಲೂ ಬಿಳಿ ಪಟ್ಟಿ, ಕಡಿದಾದ ತಗಡಿನ ಮಾಡು. ಕೆಲವು ಇಡೀ ದಿಮ್ಮಿಯ ಮನೆಗಳು. ಮೂಲೆಯಲ್ಲಿ ದಿಮ್ಮಿಗೆ ಕಚ್ಚು ಹಾಕಿ ಒಂದರ ಮೇಲೊಂದು ಕೂರಿಸಿ, ಸಂದಿಗೆ ಪಾಚಿ ತುಂಬಿ ಗಾಳಿ ತಡೆದಿದ್ದಾರೆ. ಬೆರಳು ಇಟ್ಟು ನೋಡಿದೆ, ಒಣಗಿ ಗಟ್ಟಿಯಾದ ಪಾಚಿ ಪುಡಿಪುಡಿಯಾಗಿ ಕೈಗೆ ಬಂತು. ಚಳಿಗಾಲದಲ್ಲಿ ಇಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುತ್ತದೆ. ನಾವು ಹೋದದ್ದು ಅಕ್ಟೋಬರ್, ಆಗಲೇ ಪ್ರತಿ ಗೋಡೆಗೂ ಎದೆಮಟ್ಟ ಸೌದೆ ಒಟ್ಟಿದ್ದರು.

ಈ ಮನೆಗಳಲ್ಲಿ ಮೊದಲು ಇದ್ದವರ ಪಾಡು ಚೆನ್ನಾಗಿರಲಿಲ್ಲ. 1935ರಲ್ಲಿ ಸೋವಿಯತ್ ಸರ್ಕಾರ ರೈಲ್ವೆಯನ್ನು 14 ಕೋಟಿ ಯೆನ್‌ಗೆ ಜಪಾನೀಯರು ಮಂಚೂರಿಯಾದಲ್ಲಿ ನಿಲ್ಲಿಸಿದ್ದ ಕೈಗೊಂಬೆ ದೇಶ ಮಂಚುಕುವೊಗೆ ಮಾರಿತು. ಜಪಾನೀಯರು ಗೇಜನ್ನು, ಅಂದರೆ ಎರಡು ಹಳಿಗಳ ನಡುವಿನ ಅಂತರವನ್ನು, ರಷ್ಯಾದ 1524 ಮಿಲಿಮೀಟರ್‌ನಿಂದ 1435ಕ್ಕೆ ತಂದರು. ಕೆಲಸ ಹೋದ ಸಾವಿರಾರು ರಷ್ಯನ್ ಕುಟುಂಬಗಳು ಗಂಟುಮೂಟೆ ಕಟ್ಟಿ ಸೋವಿಯತ್ ನಾಡಿಗೆ ಮರಳಿದವು. ಎರಡೇ ವರ್ಷ. 1937ರ ಸೆಪ್ಟೆಂಬರ್‌ನಲ್ಲಿ ಸ್ಟಾಲಿನ್ನನ ಗುಪ್ತ ಪೊಲೀಸರು 'ಹಾರ್ಬಿನ್‌ನಿಂದ ಬಂದವರಲ್ಲಿ ಬಹುಪಾಲು ಜಪಾನಿನ ಗೂಢಚಾರರು' ಎಂದು ಆದೇಶ ಹೊರಡಿಸಿ ಹಿಡಿಯತೊಡಗಿದರು. ಸಾವಿರಾರು ಜನರನ್ನು ಗುಂಡಿಟ್ಟು ಕೊಂದರು. ಪಾಯಿಂಟ್ಸ್‌ಮನ್, ಗುಮಾಸ್ತ, ಡ್ರೈವರ್, ಅವರ ಮಕ್ಕಳು. ಹಾರ್ಬಿನ್‌ನ ಬೀದಿಗಳಲ್ಲಿ ರಷ್ಯನ್ ಬ್ರೆಡ್ಡು, ಗೊಂಬೆ, ಕ್ವಾಸ್ ಎಂಬ ಹುಳಿ ಪಾನೀಯ ಮಾರುವ ಅಂಗಡಿ ಸಾಲುಸಾಲು. ಈ ಕಥೆ ಮಾತ್ರ ಅಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಪ್ರವಾಸೋದ್ಯಮಕ್ಕೆ ಬ್ರೆಡ್ಡೇ ಸುಲಭ, ಬಿಡಿ.

ದಿಮ್ಮಿ ಮನೆಯೊಂದರ ಮುಂದೆ ಅಜ್ಜಿಯೊಬ್ಬರು ಎಲೆಕೋಸು ಹರವಿಕೊಂಡು ಕೂತಿದ್ದರು. ಚಳಿಗಾಲಕ್ಕೆ ಹುಳಿ ಹಾಕಿಡಲು. ಗೋಡೆಯನ್ನೇ ದಿಟ್ಟಿಸುತ್ತಿದ್ದ ನನ್ನನ್ನು ನೋಡಿ ಏನೋ ಕೇಳಿದರು. ಹುಡುಗ ಅನುವಾದಿಸಿದ: "ಎಲ್ಲಿಯವನು ಅಂತ."

"ಇಂಡಿಯಾ, ಅಜ್ಜಿ."

"ಅಲ್ಲೂ ರಷ್ಯನ್ನರೇ ರೈಲು ಹಾಕಿದ್ದಾ?"

"ಇಲ್ಲ, ಇಂಗ್ಲಿಷರ ಕಂಪನಿ. ಅವರೂ ಹೀಗೇ ಕ್ವಾರ್ಟರ್ಸ್ ಕಟ್ಟಿದ್ರು. ನಾನು ಅಂಥದ್ದರಲ್ಲೇ ಬೆಳೆದದ್ದು."

ಅಜ್ಜಿ ಕೋಸು ಕೆಳಗಿಟ್ಟರು. "ಸೋರುತ್ತಿತ್ತಾ?"

"ಅಡುಗೆಮನೆ ಸೋರುತ್ತಿತ್ತು."

"ನಂದೂ ಅಷ್ಟೇ," ಅಂದು ಮಾಡಿನ ಒಂದು ಮೂಲೆ ತೋರಿಸಿದರು. ಹಳೇ ಕಟ್ಟಡ, ತಮಗೆ ಬೇಕಾದ ಹಾಗೆ ತಗಡು ಬದಲಿಸುವ ಹಾಗಿಲ್ಲವಂತೆ. ಬರೆದು ಕೊಡಬೇಕು, ಯಾರೋ ಬಂದು ನೋಡಬೇಕು. ಇಷ್ಟನ್ನು ಹುಡುಗ ಅನುವಾದಿಸುವ ಮೊದಲೇ ನನಗೆ ಗೊತ್ತಾಗಿತ್ತು. ನಮ್ಮಪ್ಪ ಇಂಥ ಅರ್ಜಿ ಎಷ್ಟು ಬರೆದಿದ್ದರೋ.

ಹೊರಟಾಗ ಅಜ್ಜಿ ಒಂದು ಹಿಡಿ ಸೂರ್ಯಕಾಂತಿ ಬೀಜ ಜೇಬಿಗೆ ಸುರಿದು, "ನೋಡೋದಾದರೆ ಜನವರಿಯಲ್ಲಿ ಬಾ," ಅಂದರು. "ಈಗ ಬಂದು ಗೋಡೆ ಮುಟ್ಟಿದರೆ ಏನು ಗೊತ್ತಾಗುತ್ತೆ?"