ಹೋಗುವಾಗ ಎರಡು ಗಂಟೆ, ಬರುವಾಗ ಐದು?

"ಹೋಪಗ ಎರಡೇ ಗಂಟೆ, ಬಪ್ಪಗ ಐದು ಗಂಟೆ ಎಂತಕೆ?" ದುಬೈ ಟಿಕೆಟ್ ನೋಡಿ ಮಾವ ಕೇಳಿದ ಪ್ರಶ್ನೆ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಬೆಳಿಗ್ಗೆ 9.10ಕ್ಕೆ ಹೊರಟು 11.20ಕ್ಕೆ ದುಬೈ. ಹಿಂದಿರುಗುವಾಗ 12.20ಕ್ಕೆ ಬಿಟ್ಟು ಸಂಜೆ 5.10ಕ್ಕೆ ಬಜ್ಪೆ.

ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೋಗುವ ಲೆಕ್ಕಕ್ಕೆ ಅದನ್ನು ಕೂಡಿಸಿ, ಬರುವ ಲೆಕ್ಕದಿಂದ ಕಳೆದರೆ 3 ಗಂಟೆ 40 ನಿಮಿಷ, 3 ಗಂಟೆ 20 ನಿಮಿಷ. ಆಗಲೂ 20 ನಿಮಿಷ ಉಳಿಯುತ್ತದೆ. ಅದು ಗಾಳಿಯ ಪಾಲು.

ಗೋಳದ ಮೇಲೆ ಎರಡೂ ಊರಿಗೆ ನೂಲು ಬಿಗಿದು ಹಿಡಿದರೆ ನಡುವಿನ ಅಂತರ, ಭೂಮಿಯ ಕೇಂದ್ರದಲ್ಲಿ ಆಗುವ ಕೋನದ ಲೆಕ್ಕದಲ್ಲಿ, 22.1 ಡಿಗ್ರಿ. ಡಿಗ್ರಿಗೆ 60 ನಾಟಿಕಲ್ ಮೈಲು, ಮೈಲಿಗೆ 1.852 ಕಿ.ಮೀ.; ಗುಣಿಸಿದರೆ ಸುಮಾರು 2,460 ಕಿ.ಮೀ. ಈ ದಾರಿಯ ಸಾಮಾನ್ಯ ಬೋಯಿಂಗ್ 737 ಗಾಳಿಯಲ್ಲಿ ಗಂಟೆಗೆ 840 ಕಿ.ಮೀ. ಆಸುಪಾಸಿನಲ್ಲಿ ಸಾಗುತ್ತದೆ. ಚಳಿಗಾಲದಲ್ಲಿ ಮೇಲೆ ಪಡುವಣದಿಂದ ಬೀಸುವ ಗಾಳಿ. ಹೋಗುವಾಗ ಅದು ಗಂಟೆಗೆ 50 ಕಿ.ಮೀ. ವೇಗದಲ್ಲಿ ಎದುರಾದರೆ ನೆಲದ ಲೆಕ್ಕದಲ್ಲಿ ಉಳಿಯುವುದು 790, ಅಂದರೆ 3 ಗಂಟೆ 7 ನಿಮಿಷ. ಬರುವಾಗ ಬೆನ್ನಿಗೆ ಬಂದರೆ 890. 2 ಗಂಟೆ 46 ನಿಮಿಷ. ರನ್‌ವೇಗೆ ಉರುಳುವುದು, ಏರುವುದು, ಇಳಿಯುವುದು ಎಂದು ಇನ್ನೊಂದು ಅರ್ಧ ಗಂಟೆ ಸೇರಿಸಿ, ಟಿಕೆಟ್‌ಗೆ ತಾಳೆಯಾಗುತ್ತದೆ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಆ ಎತ್ತರದಲ್ಲಿ ಮೂಡಣ ಗಾಳಿ ಬೀಸುವುದರಿಂದ ಈ ಅಂತರ ಕುಗ್ಗುತ್ತದೆ. ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಫ್ಲೈಟ್ ಮೋಡ್‌ನಲ್ಲೇ ಜಿಪಿಎಸ್ ಹಾಕಿ ವೇಗ ನೋಡಬಹುದು; ಮ್ಯಾಪ್ ಮಾತ್ರ ಮನೆಯಲ್ಲೇ ಇಳಿಸಿಕೊಂಡಿರಬೇಕು.

ಇನ್ನು ನೆಲದ ಲೆಕ್ಕ. ನಮ್ಮವರು ಎಡವುವುದು ಇಲ್ಲೇ. 9.10ರ ವಿಮಾನಕ್ಕೆ 6.10ಕ್ಕೆ ನಿಲ್ದಾಣದ ಬಾಗಿಲಲ್ಲಿರಬೇಕು. ಕಾಸರಗೋಡಿನಿಂದ ಬಜ್ಪೆ ಅರುವತ್ತು ಚಿಲ್ಲರೆ ಕಿ.ಮೀ. ಅಷ್ಟೇ, ಆದರೆ ತಲಪಾಡಿ, ತೊಕ್ಕೊಟ್ಟು, ನೇತ್ರಾವತಿ ಸೇತುವೆ, ಪಂಪ್‌ವೆಲ್, ನಂತೂರು ದಾಟಿ ಕಾವೂರಿಗೆ ಮುಟ್ಟಬೇಕು. ಎರಡು ಗಂಟೆ ಇಟ್ಟುಕೊಂಡು ನಾಲ್ಕಕ್ಕೇ ಹೊರಡುವುದು ಕ್ಷೇಮ. ಚೆಕ್-ಇನ್ ಕೌಂಟರ್ ಒಂದು ಗಂಟೆ ಮುಂಚೆ ಮುಚ್ಚಿದ ಮೇಲೆ ಬೇಡಿಕೊಂಡರೂ ಪ್ರಯೋಜನವಿಲ್ಲ. ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ ನೂರು ಕಿ.ಮೀ.ಗೂ ಮೇಲೆ, ಕಾಸರಗೋಡು ಪೇಟೆಯವರಿಗೆ ಬಜ್ಪೆಯೇ ಹತ್ತಿರ, ನೀಲೇಶ್ವರದಿಂದ ತೆಂಕಲಿನವರಿಗೆ ಕಣ್ಣೂರು.

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಇನ್ನೊಂದು ಪೇಚು. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ, ಸಮುದ್ರಮಟ್ಟದಿಂದ ಸುಮಾರು ನೂರು ಮೀಟರ್ ಎತ್ತರ. ಕೆಳಗೆ ಮರವೂರಿನಲ್ಲಿ ದಾರಿ ಸ್ಪಷ್ಟವಾಗಿ ಕಂಡರೂ ಮೇಲೆ ಮೋಡ ಕೂತಿರುತ್ತದೆ. ಬರುವ ವಿಮಾನ ಸುತ್ತು ಹಾಕಿ ಕಾದು, ಕೊನೆಗೆ ಬೆಂಗಳೂರಿಗೋ ಕೊಚ್ಚಿಗೋ ಹೋಯಿತೆಂದರೆ, ಅದೇ ವಿಮಾನದಲ್ಲಿ ಹೋಗಬೇಕಾದವರೂ ಕೂತಲ್ಲೇ ಬಾಕಿ.

ದುಬೈಯಿಂದ ಮುಂದಕ್ಕೆ ಬೇರೆ ಟಿಕೆಟ್ ಇದ್ದವರು ಟರ್ಮಿನಲ್ ಸಂಖ್ಯೆ ನೋಡಲೇಬೇಕು. ಎರಡನೆಯ ಟರ್ಮಿನಲ್ ಇರುವುದು ರನ್‌ವೇಗಳ ಆಚೆ ಬದಿಯಲ್ಲಿ. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಲಾಗದು.