ಆನೆಗೊಂದಿಯ ಬಂಡೆಗಳಲ್ಲಿ, ಗಡಿಯಾರ ನೋಡಿಕೊಂಡು

ಗಂಗಾವತಿಯಿಂದ ಆನೆಗೊಂದಿಗೆ ಬಸ್ಸೂ ಇದೆ, ಟಂಟಂ ಕೂಡ ಸಿಗುತ್ತದೆ. ಬಂದವರಲ್ಲಿ ಬಹುಪಾಲು ಜನ ಅಂಜನಾದ್ರಿಯ 575 ಮೆಟ್ಟಿಲು ಹತ್ತಿಳಿದು ಸಣಾಪುರದ ಕಡೆ ಹೊರಳುತ್ತಾರೆ. ಬಂಡೆಗಳಲ್ಲಿ ಬದುಕುವ ಜೀವಗಳನ್ನು ನೋಡಬೇಕೆಂದರೆ ಮೇ ತಿಂಗಳೇ ಸರಿ. ಬಿಸಿಲು ಸಹಿಸಬೇಕು, ಬೇರೆ ದಾರಿಯಿಲ್ಲ.

ಬೆಳಗ್ಗೆ 8ರಿಂದ 10ರೊಳಗೆ ಬಂಡೆ ಓತಿಕ್ಯಾತ ಬಿಸಿಲು ಕಾಯಿಸಲು ಹೊರಬರುತ್ತದೆ. ಹೆಣ್ಣಿನ ಮೈಮೇಲೆ ಕಂದು-ಬೂದು ಚುಕ್ಕೆಗಳು. ಕಲ್ಲಿನಲ್ಲಿ ಕರಗಿಹೋಗಿರುತ್ತದೆ, ಅಲುಗಾಡದೆ ಕಾಣುವುದಿಲ್ಲ. ಗಂಡಿನದು ಬೇರೆ ಲೆಕ್ಕ. ಹೆಣ್ಣು ಎದುರಾದರೆ ಬೆನ್ನು ಕೆಂಪು, ಪಕ್ಕೆ ಕಪ್ಪು. ಇನ್ನೊಂದು ಗಂಡು ಎದುರಾದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಚರ್ಮದ ಬಣ್ಣಕೋಶಗಳು ಇದನ್ನು ನೋಡನೋಡುತ್ತಿದ್ದಂತೆ ಮಾಡಿ ಮುಗಿಸುತ್ತವೆ. ಸದಾ ಹೀಗೆ ಮಿರುಗುತ್ತಿದ್ದರೆ ಹದ್ದಿನ ಕಣ್ಣಿಗೆ ಬೀಳುವುದು ಖಚಿತ. ಅದಕ್ಕೇ ಬೇಕಾದಾಗ ಮಾತ್ರ ಹೊತ್ತಿಸಿ, ಉಳಿದ ಹೊತ್ತು ಆರಿಸಿಡುತ್ತದೆ. ತೀರಾ ಹತ್ತಿರ ಹೋದರೆ ಬಣ್ಣ ಮಾಸುತ್ತದೆ, ಇಲ್ಲವೇ ಓತಿಕ್ಯಾತವೇ ಬಿರುಕಿಗೆ ನುಗ್ಗುತ್ತದೆ. ಮೊಬೈಲ್ ಚಾಚಿಕೊಂಡು ಓಡುವವರಿಗೆ ಸಿಗುವುದು ಬರೀ ಬಾಲ. ಬೈನಾಕ್ಯುಲರ್ ಹಿಡಿದು, ನೆರಳು ಬಂಡೆಯ ಮೇಲೆ ಬೀಳದಂತೆ ಕೂರುವುದು ಮೇಲು.

ಬಂಡೆ ಕಾದ ಮೇಲೆ ಮಂಗರಬಳ್ಳಿಯ ಸರದಿ. ಕುರುಚಲು ಗಿಡಗಳ ಮೇಲೆ ಹಬ್ಬಿದ ಚೌಕ ಕಾಂಡದ, ಗಂಟುಗಂಟಿನ ಬಳ್ಳಿ ಇದು. ಬೇಸಿಗೆಯಲ್ಲಿ ಎಲೆ ಉದುರಿಸಿ, ಹಸಿರು ಕಾಂಡದಿಂದಲೇ ಆಹಾರ ತಯಾರಿಸುತ್ತದೆ. ಹಗಲು ಪತ್ರರಂಧ್ರ (ಗಾಳಿಯಾಡುವ ಸೂಕ್ಷ್ಮ ತೂತುಗಳು) ತೆರೆದರೆ ನೀರು ಆವಿಯಾಗುತ್ತದೆಂದು ಅವನ್ನು ರಾತ್ರಿ ತೆರೆದು, ಒಳಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡು ಅದನ್ನೇ ಸಕ್ಕರೆಯಾಗಿಸುತ್ತದೆ. ಹಾಗಾಗಿ ಕಾಂಡಕ್ಕೆ ನಸುಕಿನಲ್ಲಿ ಹುಳಿ ಹೆಚ್ಚು, ಸಂಜೆಗೆ ಕಡಿಮೆ. ಪರೀಕ್ಷಿಸಲು ಹಸಿಯಾಗಿ ಕಚ್ಚಬೇಡಿ: ಒಳಗಿನ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಬಾಯಿ ತುರಿಸುತ್ತವೆ. ಚಟ್ನಿ ಮಾಡುವವರು ಕೈಗೆ ಎಣ್ಣೆ ಸವರಿ, ಹುರಿದು, ಹುಣಸೆಹಣ್ಣು ಸೇರಿಸುವುದು ಇದಕ್ಕೇ.

ಸಂಜೆ ತುಂಗಭದ್ರೆಯ ದಡ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹರಿವು 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಜಾಲಪಾದ, ಮುಳುಗಿದಾಗ ಮುಚ್ಚಿಕೊಳ್ಳುವ ಮೂಗು-ಕಿವಿ, ಚುಕ್ಕಾಣಿಯಂಥ ಚಪ್ಪಟೆ ಬಾಲ. ಇವೆಲ್ಲ ಕಾಣುವುದು ಅದೃಷ್ಟವಿದ್ದರೆ. ಮೊದಲು ಹುಡುಕಬೇಕಾದದ್ದು ದಡದ ಕಲ್ಲಿನ ಮೇಲಿನ ಹಿಕ್ಕೆ; ಮೀನಿನ ಹುರುಪೆ ತುಂಬಿದ್ದು ಗಬ್ಬು ನಾರುತ್ತದೆ. ಹಸಿಯಾಗಿದ್ದರೆ ದೂರ ಸರಿದು, ಮಾತು ನಿಲ್ಲಿಸಿ ಕಾಯಿರಿ. ಮೊಸಳೆಗಳೂ ಇರುವ ನದಿ, ನೀರಿಗೆ ಇಳಿಯಬೇಡಿ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಈ ಕಲ್ಲುಗಳೇ ಮುಳುಗುತ್ತವೆ. ಆಗ ಹಿಕ್ಕೆಯ ಗುರುತೂ ಸಿಗದು.