ಸೋಡಾ ಬ್ರೆಡ್ಡಿನ ಕೂಡುಗೀರು

ಐರಿಶರ ಸೇಂಟ್ ಪ್ಯಾಟ್ರಿಕ್ ಹಬ್ಬ, ಮಾರ್ಚ್ 17, ಹತ್ತಿರವಾದರೆ ಬಾಸ್ಟನ್ನಿನ ಐರಿಶ್ ಮೂಲದ ಅಜ್ಜಿಯರು ಚರ್ಚಿನ ಮಾರಾಟಕ್ಕೆಂದು ಸೋಡಾ ಬ್ರೆಡ್ ಬೇಯಿಸುತ್ತಾರೆ. 450 ಗ್ರಾಂ ಮೈದಾ, ಒಂದೊಂದು ಟೀ ಚಮಚ ಅಡುಗೆ ಸೋಡಾ, ಉಪ್ಪು, 350–400 ಮಿಲಿ ಹುಳಿ ಮಜ್ಜಿಗೆ. ಇಷ್ಟೇ. ಐರ್ಲೆಂಡಿನ ಮೆದು ಗೋಧಿಗೆ ಯೀಸ್ಟಿಗಿಂತ ಸೋಡಾನೇ ಒಗ್ಗುತ್ತೆ. ಒಣದ್ರಾಕ್ಷಿ, ಸಕ್ಕರೆ ಸುರಿಯೋದು ಹೆಚ್ಚಾಗಿ ಅಮೆರಿಕದ ರೂಢಿ. ಊರು ಬಿಟ್ಟವರ ಕೈಯಲ್ಲಿ ಊರಿನ ತಿಂಡಿ ತುಸು ಸಿಹಿಯಾಗಿಬಿಡುತ್ತೆ ಅನ್ಸುತ್ತೆ.

ಚಪಾತಿ ಹಿಟ್ಟಿನ ಹಾಗೆ ನಾದಿದಿರೋ, ಕಲ್ಲು! ಬೆರಳಗಲಿಸಿ ನಾಲ್ಕು ಸುತ್ತು ತಿರುವಿ, ಅಂಟಂಟಾಗಿರುವಾಗಲೇ ಉಂಡೆ ಮಾಡಬೇಕು. ಹುಳಿ ತಾಗಿದೊಡನೆ ಸೋಡಾ ಗುಳ್ಳೆ ಏಳುತ್ತೆ, ಹಿಟ್ಟನ್ನು ಕಲಸಿ ಹಾಗೇ ಬಿಡುವ ಹಾಗಿಲ್ಲ. ಸೋಡಾ ಜರಡಿ ಹಿಡಿಯದಿದ್ದರೆ ಅಲ್ಲಲ್ಲಿ ಹಳದಿ ಚುಕ್ಕೆ, ಬಾಯಿಗೆ ಸೋಪಿನ ಕಹಿ. ನಮ್ಮ ನೀರು ಮಜ್ಜಿಗೆ ಇದಕ್ಕೆ ಸಾಲದು. ಹುಳಿ ಮೊಸರಿಗೆ ಸ್ವಲ್ಪ ನೀರು ಬೆರೆಸಿಕೊಳ್ಳಿ.

ಮೇಲೆ ಕೂಡು ಗುರುತಿನಂತೆ ಆಳವಾಗಿ ಗೀರಬೇಕು. ಮನೆಯೊಳಗಿನ ಯಕ್ಷಿಣಿಯರು ಹೊರಹೋಗಲಿ ಅಂತ ಹಳಬರ ಮಾತು. ನಿಜಕ್ಕೂ ಅದು ನಡುಭಾಗ ಬೇಯೋದಕ್ಕೆ. ಓವನ್ನಿನಲ್ಲಿ 230 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ 15 ನಿಮಿಷ, ಆಮೇಲೆ 200ರಲ್ಲಿ ಅರ್ಧ ಗಂಟೆ. ತಲೆಕೆಳಗು ಮಾಡಿ ತಳಕ್ಕೆ ಬೆರಳಿನಿಂದ ಬಡಿದರೆ ಟೊಳ್ಳು ಸದ್ದು ಬರಬೇಕು. ಬಟ್ಟೆ ಸುತ್ತಿಟ್ಟರೆ ಮೇಲ್ಪದರ ಮೆತ್ತಗಿರುತ್ತೆ. ಮಾರನೇ ದಿನಕ್ಕೆ ಒಣಗಿಹೋಗುತ್ತೆ, ಆವತ್ತೇ ಬೆಣ್ಣೆ ಹಚ್ಚಿ ಮುಗಿಸಿ.